ಕಿವಿಗೆ ಕೇಳಿಸುವ ಅಳತೆ

1922ರ ಜನವರಿಯಲ್ಲಿ ಕೆನಡಾದ ಟೊರೊಂಟೊ ನಗರದ ಆಸ್ಪತ್ರೆಯಲ್ಲಿ ಲೆನರ್ಡ್ ಥಾಮ್ಸನ್ ಎಂಬ 14 ವರ್ಷದ ಮಧುಮೇಹಿ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಸಾವಿನ ದವಡೆಯಲ್ಲಿದ್ದವರಿಗೆ ಬಾಳು ಮರಳಿತು; ಜೊತೆಗೆ, ತಮ್ಮ ಮೈಗೆ ತಾವೇ ನಿತ್ಯವೂ ಸೂಜಿ ಚುಚ್ಚಿಕೊಳ್ಳುವ ಕಾಯಕವೂ ಬಂದಿತು. ಗಾಜಿನ ಪಿಚಕಾರಿಯನ್ನು ಕುದಿಸಬೇಕು, ಸೂಜಿಯನ್ನು ಮಸೆಯಬೇಕು, ಕೂದಲೆಳೆಯಂತಹ ಗೆರೆಗಳನ್ನು ನೋಡಿ ಮದ್ದನ್ನು ಎಳೆದುಕೊಳ್ಳಬೇಕು. ಅಳತೆ ಮೀರಿತೋ, ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪೀತು.

ವಿಧಿಯ ಕುಹಕವನ್ನು ನೋಡಿ! ಆ ಗೆರೆಗಳನ್ನು ಕಾಣಬೇಕಾದ ಕಣ್ಣನ್ನೇ ಎಷ್ಟೋ ಜನರಲ್ಲಿ ಈ ರೋಗವು ಮಬ್ಬಾಗಿಸುತ್ತದೆ.

1985ರಲ್ಲಿ ಡೆನ್ಮಾರ್ಕಿನ ನೋವೊ ಸಂಸ್ಥೆಯು ಬರೆಯುವ ಪೆನ್ನಿನಾಕಾರದ ಸಾಧನವನ್ನು ಹೊರತಂದಿತು. ಇಂದಿನ ಇಂತಹ ಪೆನ್ನುಗಳ ತುದಿಯನ್ನು ತಿರುಗಿಸಿದರೆ ಅಳತೆಗೊಂದರಂತೆ ‘ಟಿಕ್’ ಎಂಬ ಸದ್ದು. ಕಣ್ಣಿಗೆ ಕಿವಿಯ ಆಸರೆ. ಆದರೂ ಸದ್ದೊಂದನ್ನೇ ನಂಬಬೇಡಿ, ದೃಷ್ಟಿ ಕುಂದಿದವರು ಬಲ್ಲವರ ನೆರವು ಪಡೆಯಿರಿ ಎಂದು ತಯಾರಕರೇ ಎಚ್ಚರಿಸುತ್ತಾರೆ.

ಮಬ್ಬುಗಣ್ಣಿನವನು ಪರರ ಹಂಗಿಲ್ಲದೆ, ನಿರ್ಭಯನಾಗಿ ತನ್ನ ಮದ್ದನ್ನು ತಾನೇ ಅಳೆದುಕೊಂಡಂದೇ ಆ ಪೆನ್ನನ್ನು ರೂಪಿಸುವವರ ಶ್ರಮ ಪೂರ್ಣವಾದೀತು.