ಬಿ.ಪಿ. ನಾರ್ಮಲ್ ಆಯಿತು, ಮಾತ್ರೆ ಬಿಡಬಹುದೇ?

ಹತ್ತನೆಯ ತರಗತಿಯ ಮಕ್ಕಳಿಗೆ ಮೊನ್ನೆ ‘ಜೀವಕ್ರಿಯೆಗಳು’ ಪಾಠ ಮಾಡುತ್ತಿದ್ದೆ. ಹೃದಯ, ಅಪಧಮನಿ, ಅಭಿಧಮನಿ ಎಲ್ಲ ಮುಗಿದು ರಕ್ತದೊತ್ತಡದ ವಿಷಯ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ನಮ್ಮಜ್ಜ ಬಿ.ಪಿ. ಮಾತ್ರೆ ಬಿಟ್ಟುಬಿಟ್ಟಿದಾರೆ. ನಾರ್ಮಲ್ ಆಯ್ತಂತೆ. ಇನ್ನು ಬೇಡ ಅಲ್ವಾ ಸಾರ್?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಇದೇ ಪ್ರಶ್ನೆಯನ್ನು 2018ರಲ್ಲಿ ನನ್ನ ಅಣ್ಣ ಕೇಳಿದ್ದ. ನಾನು ತಪ್ಪು ಉತ್ತರ ಕೊಟ್ಟಿದ್ದೆ.

ಅಣ್ಣ ಸಾಗರದ ಕಡೆಯ ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಆ ವರ್ಷ ಅವನ ರಕ್ತದೊತ್ತಡ 170/100 ಇದೆಯೆಂದು ಗೊತ್ತಾಗಿ, ಡಾಕ್ಟರು ದಿನಕ್ಕೊಂದರಂತೆ ಆಮ್ಲೊಡಿಪಿನ್ 5 ಮಿ.ಗ್ರಾಂ. ಮಾತ್ರೆ ಬರೆದುಕೊಟ್ಟಿದ್ದರು. ಮೂರು ತಿಂಗಳ ಮೇಲೆ ನೋಡಿಸಿದರೆ 128/82. ಖುಷಿಯಿಂದ ಫೋನ್ ಮಾಡಿದ. “ಏನೋ ಮೇಷ್ಟ್ರೇ, ಎಲ್ಲ ಸರಿಯಾಯ್ತಲ್ಲ, ಇನ್ನೂ ಇದನ್ನ ನುಂಗ್ತಾ ಕೂರಬೇಕಾ?” ಅಂದ. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. “ನಾರ್ಮಲ್ ಇದ್ರೆ ಇನ್ನೇನು, ಬಿಡು ಅಣ್ಣಯ್ಯ” ಅಂದುಬಿಟ್ಟೆ. ಬಿ.ಎಸ್‌ಸಿ. ಓದಿದ ತಮ್ಮ ಹೇಳಿದ ಮೇಲೆ ಅವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಬಿಟ್ಟ ವಾರದಲ್ಲಿ ಏನೂ ಆಗಲಿಲ್ಲ, ತಿಂಗಳಾದರೂ ಏನೂ ಆಗಲಿಲ್ಲ. ಐದು ತಿಂಗಳ ನಂತರ, ಕೊನೆಕೊಯ್ಲಿನ ಗಡಿಬಿಡಿಯ ಒಂದು ಬೆಳಿಗ್ಗೆ, ಅವನ ಬಲಗೈಯಿಂದ ಕಾಫಿ ಲೋಟ ಜಾರಿ ಬಿತ್ತು. ಮಾತು ತೊದಲಿತು. ಪಾರ್ಶ್ವವಾಯು. ಈಗ ನಡೆಯುತ್ತಾನೆ, ಮಾತನಾಡುತ್ತಾನೆ, ಆದರೆ ಬಲಗೈಯಲ್ಲಿ ಸಹಿ ಹಾಕಲಾರ. ಮಾತ್ರೆ ಬಿಟ್ಟದ್ದೊಂದೇ ಕಾರಣವೇ ಎಂದು ಡಾಕ್ಟರನ್ನು ಕೇಳಿದೆ. “ಹಾಗೆಂದು ಖಚಿತವಾಗಿ ಯಾರೂ ಹೇಳಲಾರರು. ಆದರೆ ಒತ್ತಡ ಹತೋಟಿಯಲ್ಲಿದ್ದಿದ್ದರೆ ಅಪಾಯ ಬಹಳ ಕಡಿಮೆ ಇರುತ್ತಿತ್ತು” ಎಂದರು. ಅತ್ತಿಗೆ ಇಂದಿಗೂ ನನ್ನನ್ನು ಒಂದು ಮಾತೂ ಅಂದಿಲ್ಲ. ಅದೇ ನನಗೆ ಹೆಚ್ಚು ಕಷ್ಟ.

ಆ ಮೇಲೆ ನಾನು ಮಾಡಬೇಕಾಗಿದ್ದ ಪಾಠವನ್ನು ನಾನೇ ಓದಿಕೊಂಡೆ. ರಕ್ತದೊತ್ತಡ 120 ಎಂದರೆ ಪಾದರಸವನ್ನು 120 ಮಿಲಿಮೀಟರ್ ಎತ್ತರಕ್ಕೆ ಏರಿಸಬಲ್ಲ ಒತ್ತಡ. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ. ಹಾಗಾಗಿ ಅದೇ ಒತ್ತಡ ನೀರನ್ನು ಸುಮಾರು 163 ಸೆಂಟಿಮೀಟರ್, ಅಂದರೆ ಒಬ್ಬ ಮನುಷ್ಯನಷ್ಟೆತ್ತರ ಏರಿಸುತ್ತದೆ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕುದುರೆಯೊಂದರ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟು ಅಡಿಗೂ ಮೇಲೇರಿದ್ದನ್ನು ಕಂಡು 1733ರಲ್ಲಿ ಪ್ರಕಟಿಸಿದ್ದ. ಹಗಲು ರಾತ್ರಿ ಇಂಥ ಒತ್ತಡ ತಡೆದುಕೊಳ್ಳುವ ನಾಳಗಳ ಮೇಲೆ ಇನ್ನಷ್ಟು ಒತ್ತಡ ವರ್ಷಗಟ್ಟಲೆ ಬಿದ್ದರೆ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣು ಎಲ್ಲಕ್ಕೂ ಪೆಟ್ಟು. ತಮಾಷೆಯೆಂದರೆ ಬಹಳ ಮಂದಿಗೆ ತಲೆನೋವು ಕೂಡ ಇರುವುದಿಲ್ಲ.

ಆಮ್ಲೊಡಿಪಿನ್ ಏನು ಮಾಡುತ್ತದೆ? ಸಣ್ಣ ಅಪಧಮನಿಗಳ ಗೋಡೆಯಲ್ಲಿ ಅನೈಚ್ಛಿಕ ಸ್ನಾಯುಗಳಿವೆ. ಅವು ಬಿಗಿಯಾಗಲು ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ಹೋಗಬೇಕು. ಈ ಔಷಧ ಆ ಬಾಗಿಲನ್ನು ಅಷ್ಟಿಷ್ಟು ಮುಚ್ಚುತ್ತದೆ. ಸ್ನಾಯು ಸಡಿಲಾಗಿ ನಾಳ ಹಿಗ್ಗುತ್ತದೆ. ಹಿಗ್ಗುವುದು ಸ್ವಲ್ಪವಾದರೂ ಫಲ ದೊಡ್ಡದು. ಕೊಳವೆಯ ತ್ರಿಜ್ಯ ಹತ್ತನೆಯ ಒಂದು ಪಾಲು ಕಿರಿದಾದರೆ, ಹರಿವಿಗೆ ಅಡ್ಡಿ ಸುಮಾರು ಒಂದೂವರೆ ಪಟ್ಟಾಗುತ್ತದೆ ಎನ್ನುತ್ತದೆ ಭೌತಶಾಸ್ತ್ರ. ಇದರಲ್ಲಿ ಗಮನಿಸಬೇಕಾದ ಮಾತು ಒಂದೇ: ಮಾತ್ರೆ ರಕ್ತದಲ್ಲಿ ಇರುವಷ್ಟು ಹೊತ್ತು ಮಾತ್ರ ಆ ಬಾಗಿಲು ಮುಚ್ಚಿರುತ್ತದೆ. ಅದು ಒತ್ತಡವನ್ನು ತಡೆದು ಹಿಡಿಯುತ್ತದೆಯೇ ಹೊರತು ಅದರ ಮೂಲವನ್ನು ಕಿತ್ತು ಹಾಕುವುದಿಲ್ಲ. ಕೊಡೆ ಹಿಡಿದುಕೊಂಡಿದ್ದಕ್ಕೆ ಮೈ ನೆನೆಯಲಿಲ್ಲ. ಅದನ್ನು ಕಂಡು ಮಳೆಯೇ ನಿಂತಿತೆಂದು ಕೊಡೆ ಮಡಚಿದವನ ಕಥೆಯಂತಾಯಿತು ನಮ್ಮ ಅಣ್ಣನದು.

ಹಾಗಾದರೆ ಬಿಟ್ಟ ಕೂಡಲೇ ಏಕೆ ಗೊತ್ತಾಗಲಿಲ್ಲ? ಈ ಔಷಧ ದೇಹದಿಂದ ಬಲು ನಿಧಾನವಾಗಿ ಹೋಗುತ್ತದೆ. ಅರ್ಧದಷ್ಟು ಖಾಲಿಯಾಗಲು 30ರಿಂದ 50 ಗಂಟೆ ಬೇಕು. ವಯಸ್ಸಾದವರಲ್ಲಿ, ಯಕೃತ್ತಿನ ತೊಂದರೆಯಿದ್ದವರಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಬಿಟ್ಟ ಮೇಲೂ ಕೆಲವು ದಿನ ಪರಿಣಾಮ ಉಳಿದಿದ್ದು, ಒತ್ತಡ ಸದ್ದಿಲ್ಲದೆ ಏರುತ್ತದೆ. “ನೋಡು, ಬಿಟ್ಟರೂ ಏನೂ ಆಗಲಿಲ್ಲ” ಎಂಬ ಭ್ರಮೆ ಹುಟ್ಟುವುದು ಇಲ್ಲಿಯೇ. ಹಾಗೆಯೇ ಶುರುಮಾಡಿದ ಮರುದಿನವೇ ಪೂರ್ತಿ ಗುಣ ಕಾಣುವುದಿಲ್ಲ. ರಕ್ತದಲ್ಲಿ ಅದರ ಮಟ್ಟ ನೆಲೆಗೊಳ್ಳಲು ಏಳೆಂಟು ದಿನ ಬೇಕು. ಎರಡೇ ದಿನದಲ್ಲಿ “ಹಿಡಿಸಲಿಲ್ಲ” ಎಂದು ಮಾತ್ರೆ ಬದಲಿಸಲು ಹೊರಡಬಾರದು.

ಈ ನಿಧಾನ ಗುಣದಿಂದ ಒಂದು ಅನುಕೂಲವೂ ಉಂಟು. ಒಂದು ಹೊತ್ತು ಮರೆತರೆ ಗಾಬರಿ ಬೇಡ. ನೆನಪಾದಾಗ ತೆಗೆದುಕೊಳ್ಳಿ. ಹನ್ನೆರಡು ಗಂಟೆಗಿಂತ ಹೆಚ್ಚು ತಡವಾಗಿದ್ದರೆ ಅದನ್ನು ಬಿಟ್ಟು ಮರುದಿನ ಎಂದಿನ ಹೊತ್ತಿಗೆ ಒಂದೇ ಮಾತ್ರೆ ನುಂಗಿ. ಮರೆತದ್ದಕ್ಕೆ ಲೆಕ್ಕ ಸರಿಮಾಡಲು ಎರಡು ನುಂಗುವುದು ಸರ್ವಥಾ ಸಲ್ಲದು. ಊಟದ ಮುಂಚೆ, ಊಟದ ನಂತರ ಎಂಬ ಕಟ್ಟುಪಾಡು ಈ ಮಾತ್ರೆಗಿಲ್ಲ. ದಿನವೂ ಒಂದೇ ಹೊತ್ತು ಇಟ್ಟುಕೊಂಡರಾಯಿತು. ನಾನೂ ಈಗ ಇದನ್ನೇ ನುಂಗುವವನು. ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಮಾತ್ರೆಯ ಡಬ್ಬಿ ಇಟ್ಟಿದ್ದೇನೆ.

ಅಂಗಡಿಯಲ್ಲಿ ಮಾತ್ರೆಯ ಹಾಳೆಯನ್ನು ಓದಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೆಸರು ಒಂದೇ ಇದ್ದು ಕೊನೆಯ ಅಕ್ಷರ ಬೇರೆ ಇದ್ದರೆ ಔಷಧವೂ ಬೇರೆ. ‘ಎಟಿ’ ಎಂದಿದ್ದರೆ ಸಾಮಾನ್ಯವಾಗಿ ಜೊತೆಗೆ ಅಟೆನೊಲಾಲ್ ಸೇರಿದೆ. ‘ಎಚ್’ ಎಂದಿದ್ದರೆ ಹೆಚ್ಚಾಗಿ ಮೂತ್ರ ಹೆಚ್ಚಿಸುವ ಔಷಧ ಸೇರಿದೆ. ಇದು ಸಣ್ಣ ವಿಷಯವಲ್ಲ. ಅಟೆನೊಲಾಲ್‌ನಂಥದನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು, ಹೃದಯಾಘಾತದ ಅಪಾಯವುಂಟು. ಆಸ್ತಮಾ ಇರುವವರಿಗೆ ಅದರಿಂದ ಉಸಿರಾಟದ ತೊಂದರೆಯಾಗಬಹುದು. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆ ನಿಮಗೂ ಒಗ್ಗುತ್ತದೆಂದು ಸಾಲ ಪಡೆಯಬೇಡಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಮಾತ್ರೆಗಳು ಗರ್ಭಿಣಿಯರಿಗೆ ನಿಷಿದ್ಧ. ಮಗುವಿಗೆ ಹಾನಿಯಾಗುತ್ತದೆ.

ಆಮ್ಲೊಡಿಪಿನ್‌ಗೂ ಅದರದೇ ಕಿರಿಕಿರಿಗಳಿವೆ. ಕೆಲವರಿಗೆ ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತದೆ. ಮುಖ ಬಿಸಿಯಾದಂತೆ, ತಲೆ ಭಾರವಾದಂತೆ, ಎದೆ ಡವಗುಟ್ಟಿದಂತೆ ಅನಿಸಬಹುದು. ಕೆಲವರಿಗೆ ವಸಡು ಊದುತ್ತದೆ. ಹೀಗಾದರೆ ಮಾತ್ರೆ ಎಸೆಯುವುದಲ್ಲ, ಡಾಕ್ಟರಿಗೆ ಹೇಳುವುದು. ಅವರು ಪ್ರಮಾಣ ತಗ್ಗಿಸಿಯೋ, ಬೇರೆ ಔಷಧ ಸೇರಿಸಿಯೋ, ಬದಲಿಸಿಯೋ ಸರಿಪಡಿಸುತ್ತಾರೆ. ಪಾದ ಊದುವುದು ಹೃದಯ, ಮೂತ್ರಪಿಂಡದ ತೊಂದರೆಯಿಂದಲೂ ಆಗಬಹುದಾದ್ದರಿಂದ ತೋರಿಸಿಕೊಳ್ಳುವುದೇ ಕ್ಷೇಮ. ಕುಳಿತಲ್ಲಿಂದ ಎದ್ದಾಗ ಕಣ್ಣು ಕತ್ತಲೆ ಬಂದರೆ ನಿಧಾನವಾಗಿ ಏಳಿ, ಅದನ್ನೂ ತಿಳಿಸಿ.

ಮಾತ್ರೆಯ ಕೆಲಸ ಕೆಡಿಸುವವು ನಮ್ಮ ಮನೆಯಲ್ಲೇ ಇರುತ್ತವೆ. ಮಂಡಿನೋವಿಗೆ ನಾವೇ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ರಕ್ತದೊತ್ತಡ ಏರಿಸಬಲ್ಲವು. ಕಟ್ಟಿದ ಮೂಗು ಬಿಡಿಸುವ ನೆಗಡಿ ಮಾತ್ರೆಗಳದೂ ಅದೇ ಕಥೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನೂ ಲೆಕ್ಕಕ್ಕೆ ಹಿಡಿದು ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೋಡಿಯಂ ಕಡಿಮೆಯಿರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆಯಿರುವವರು, ಟೆಲ್ಮಿಸಾರ್ಟನ್‌ನಂಥದನ್ನು ನುಂಗುವವರು ಕೇಳದೆ ಅದನ್ನು ಬಳಸಬಾರದು.

ಅಳತೆಯ ಬಗ್ಗೆಯೂ ಒಂದು ಮಾತು. ಮೆಟ್ಟಿಲು ಹತ್ತಿ ಬಂದು, ಕಾಫಿ ಕುಡಿದು, ಹರಟುತ್ತಾ ನೋಡಿಸಿದ ಬಿ.ಪಿ. ನಂಬುವಂಥದಲ್ಲ. ಅರ್ಧ ಗಂಟೆ ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ತೋಳು ಹೃದಯದ ಮಟ್ಟದಲ್ಲಿರಲಿ. ಬಂದ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ. ನೋಡಿ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಮಾತ್ರೆ ಮುಗಿಯುವ ಮುನ್ನವೇ ಹೋಗಿ.

ಹಾಗೆಂದು ಮಾತ್ರೆ ಸಾಯುವ ತನಕ ಕಡ್ಡಾಯವೇ? ಬಹಳ ಮಂದಿಗೆ ಬಹುಕಾಲ ಬೇಕಾಗುತ್ತದೆ. ತೂಕ ಇಳಿಸಿ, ಉಪ್ಪು, ಮದ್ಯ ತಗ್ಗಿಸಿ, ದಿನವೂ ನಡೆದವರಲ್ಲಿ ಕೆಲವರಿಗೆ ಡಾಕ್ಟರೇ ಪ್ರಮಾಣ ಇಳಿಸುವುದುಂಟು. ಆದರೆ ಆ ತೀರ್ಮಾನ ಅಳೆದು, ಕಾದು, ಮತ್ತೆ ಅಳೆದು ಮಾಡುವಂಥದು. ತಮ್ಮ ಫೋನಿನಲ್ಲಿ ಹೇಳುವಂಥದಲ್ಲ. ಇನ್ನು ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಾದರೆ, ಅದನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ನಾವು ಅಣ್ಣನಿಗೆ ಎಣ್ಣೆ ತಿಕ್ಕುತ್ತಾ ಆ ಹೊತ್ತನ್ನೂ ಕಳೆದುಕೊಂಡಿದ್ದೆವು.

ಆ ಹುಡುಗನಿಗೆ ಇಷ್ಟೆಲ್ಲ ಹೇಳಲು ಒಂದು ಪೀರಿಯಡ್ ಸಾಲಲಿಲ್ಲ. “ನಾರ್ಮಲ್ ಆಗಿರೋದು ಮಾತ್ರೆಯಿಂದ. ನಾಳೆಯೇ ಡಾಕ್ಟರ ಹತ್ತಿರ ಹೋಗೋಕೆ ಹೇಳು ನಿಮ್ಮಜ್ಜನಿಗೆ” ಅಂದೆ. ಎರಡು ದಿನ ಬಿಟ್ಟು ಬಂದು, “ಅಜ್ಜ ನನಗೇ ಬೈದ್ರು ಸಾರ್. ಆದ್ರೆ ಹೋಗಿ ಬಂದ್ರು. 160 ಇತ್ತಂತೆ, ಮಾತ್ರೆ ಮತ್ತೆ ಶುರುಮಾಡಿದಾರೆ” ಎಂದ. ಅವತ್ತು ಸಂಜೆ ಅಣ್ಣನಿಗೆ ಫೋನ್ ಮಾಡಿ ಈ ವಿಷಯ ತಿಳಿಸಿದೆ. “ಒಳ್ಳೇ ಕೆಲಸ ಮಾಡಿದೆ ಕಣೋ” ಅಂದ.