ಸೂಚನಾ ಫಲಕವು ಏನನ್ನು ಸೂಚಿಸಬೇಕು?

ಯಂತ್ರವು ತಾನಾಗಿಯೇ ಕೆಲಸಮಾಡತೊಡಗಿದರೆ ಮನುಷ್ಯನ ಕೆಲಸ ಮುಗಿಯಿತೆಂದು ಭಾವಿಸುವವರುಂಟು. ವಾಸ್ತವವಾಗಿ ಆಗ ಅವನಿಗೆ ಹೊಸದೊಂದು ಕೆಲಸ ಒದಗುತ್ತದೆ. ಯಂತ್ರವು ಸರಿಯಾಗಿ ನಡೆದಿದೆಯೇ ಎಂಬುದನ್ನು ದೂರದಿಂದ ಅರಿಯುವುದೇ ಆ ಕೆಲಸ. ಅದಕ್ಕಾಗಿ ಹುಟ್ಟಿದ ಸಾಧನವೇ ಸೂಚನಾ ಫಲಕ. ಇಂದಿನ ಮಾತಿನಲ್ಲಿ ಡ್ಯಾಶ್‌ಬೋರ್ಡ್. ಅದನ್ನು ಆರಿಸುವ ಬಗೆಯನ್ನು ಕುರಿತು ಇಲ್ಲಿ ತುಸು ವಿಚಾರ ಮಾಡೋಣ.

ದೊಡ್ಡ ತಂತ್ರಾಂಶವನ್ನು ಇಂದು ಒಬ್ಬನೇ ಕುಳಿತು ಬರೆಯುವುದಿಲ್ಲ. ಹತ್ತಾರು ಜನರು ಬರೆದ ಭಾಗಗಳನ್ನು ದಿನಕ್ಕೆ ಅನೇಕ ಸಲ ಒಂದುಗೂಡಿಸಿ, ಗಣಕಯಂತ್ರವು ನಡೆಸಬಲ್ಲ ರೂಪಕ್ಕೆ ತಂದು ಪರೀಕ್ಷಿಸಬೇಕಾಗುತ್ತದೆ. ಈ ಕ್ರಿಯೆಗೆ ಬಿಲ್ಡ್ ಎಂದು ಹೆಸರು. 2011ರಿಂದ ಜೆಂಕಿನ್ಸ್ ಎಂಬ ಹೆಸರನ್ನು ಹೊತ್ತಿರುವ ತಂತ್ರಾಂಶವು ಇದನ್ನು ತಾನಾಗಿಯೇ ನಡೆಸಬಲ್ಲದು. ಅಂಕಿಗಳನ್ನು ನಕ್ಷೆಯಾಗಿ ತೋರಿಸಲು 2014ರಲ್ಲಿ ಹೊರಬಂದ ಗ್ರಾಫಾನಾದಂಥ ಸಾಧನಗಳಿವೆ. ಇವೆರಡೂ ಬೆಲೆಯಿಲ್ಲದೆ ದೊರೆಯುತ್ತವೆ. ಸಾಧನಗಳು ಹೇರಳವಾಗಿರುವುದರಿಂದಲೇ ಆಯ್ಕೆ ಕಠಿಣವಾಗಿದೆ. ಬಣ್ಣಬಣ್ಣದ ನಕ್ಷೆಗಳಿಗೆ ಮನಸೋತು ಆರಿಸುವುದೇ ಹೆಚ್ಚು.

ಇದು ಬೆಂಗಳೂರಿನ ಕಚೇರಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವಿದ್ಯಾರ್ಥಿಗಳು ಎಣಿಸಬೇಕಾಗಿಲ್ಲ. ಆಲಮಟ್ಟಿಯಲ್ಲಿ ತಡೆದು ನಿಲ್ಲಿಸಿದ ಕೃಷ್ಣೆಯ ನೀರು ಕೆಳಗಿನ ನಾರಾಯಣಪುರದ ಬಸವಸಾಗರಕ್ಕೆ ಬಂದು, ಅಲ್ಲಿಂದ ಎಡದಂಡೆ ಕಾಲುವೆಗೆ ಇಳಿಯುತ್ತದೆ. ಸೆಕೆಂಡಿಗೆ 10,000 ಘನ ಅಡಿ ನೀರನ್ನು ಒಯ್ಯಬಲ್ಲ ಈ ಕಾಲುವೆಯ ನವೀಕರಣ ಯೋಜನೆಯು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಉದ್ಘಾಟನೆಗೊಂಡಿತು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 4.5 ಲಕ್ಷ ಹೆಕ್ಟೇರ್ ಭೂಮಿ ಇದರ ವ್ಯಾಪ್ತಿಗೆ ಸೇರಿದೆ. ಕಾಲುವೆಯ ಗೇಟುಗಳನ್ನು ದೂರದಿಂದಲೇ ಎತ್ತಿ ಇಳಿಸುವ, ನೀರಿನ ಮಟ್ಟವನ್ನು ಅಳೆದು ತಿಳಿಸುವ ಸ್ಕಾಡಾ ವ್ಯವಸ್ಥೆಯನ್ನು ಇಲ್ಲಿ ಅಳವಡಿಸಲಾಗಿದೆ. ಬಿಲ್ಡನ್ನು ಕಾಯುವವನ ಮುಂದೆ ಇರುವಂತೆಯೇ ಕಾಲುವೆಯನ್ನು ಕಾಯುವವನ ಮುಂದೆಯೂ ಒಂದು ಫಲಕವಿರುತ್ತದೆ.

ಇಂಥ ಫಲಕವು ಮನುಷ್ಯನನ್ನು ಹೇಗೆ ದಾರಿತಪ್ಪಿಸಬಲ್ಲದೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನವಿದೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಕೇಂದ್ರದಲ್ಲಿ ಒತ್ತಡವನ್ನು ತಗ್ಗಿಸುವ ಕವಾಟವೊಂದು ಮುಚ್ಚಿಕೊಳ್ಳದೆ ಉಳಿಯಿತು. ಆದರೆ ಫಲಕದ ಮೇಲಿನ ಅದರ ದೀಪ ಆರಿಹೋಗಿತ್ತು. ಮುಚ್ಚಿಕೊಳ್ಳಬೇಕೆಂಬ ಆಜ್ಞೆ ಹೋಯಿತೆಂಬುದನ್ನಷ್ಟೇ ಆ ದೀಪವು ತಿಳಿಸುತ್ತಿತ್ತು. ಕವಾಟವು ನಿಜವಾಗಿ ಮುಚ್ಚಿತೇ ಎಂಬುದನ್ನಲ್ಲ. ಮೊದಲ ಕೆಲವು ನಿಮಿಷಗಳಲ್ಲಿಯೇ ನೂರಕ್ಕೂ ಮಿಕ್ಕ ಎಚ್ಚರಿಕೆಗಳು ಒಮ್ಮೆಲೇ ಮೊಳಗಿದ್ದರಿಂದ ನಿರ್ವಾಹಕರಿಗೆ ಮುಖ್ಯವಾವುದು, ಅಮುಖ್ಯವಾವುದು ತಿಳಿಯದಾಯಿತು. ಎರಡು ಗಂಟೆಗೂ ಹೆಚ್ಚು ಕಾಲ ತಂಪುಗೊಳಿಸುವ ನೀರು ಹೊರಹೋಗಿ, ಸ್ಥಾವರದ ತಿರುಳಿನ ಒಂದು ಭಾಗ ಕರಗಿತು.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಲ್ಲಿ ಹಳೆಯ ಪಾಠವೇ ಕಾಣುತ್ತದೆ. ಅಳೆಯಬೇಕಾದುದನ್ನೇ ಅಳೆಯಬೇಕು. ಗೇಟಿಗೆ ಆಜ್ಞೆ ಹೋಯಿತೆಂಬುದು ಒಂದು ಮಾತು, ಗೇಟು ಎದ್ದಿತೆಂಬುದು ಇನ್ನೊಂದು, ನೀರು ಹರಿಯಿತೆಂಬುದು ಮತ್ತೊಂದು. ಬಿಲ್ಡಿನಲ್ಲಿಯೂ ಹಾಗೆಯೇ. ಒಂದು ಪರೀಕ್ಷೆಯೂ ನಡೆಯದ ಬಿಲ್ಡು ಕೂಡ ಹಸಿರು ಬಣ್ಣವನ್ನೇ ತೋರಬಹುದು.

ಎರಡನೆಯದಾಗಿ, ಅಂಕಿಯೊಡನೆ ಅದರ ವಯಸ್ಸೂ ಕಾಣಿಸಬೇಕು. ಮಾಪಕವು ಮಿಡಿಯುವುದನ್ನು ನಿಲ್ಲಿಸಿದ ಮೇಲೂ ನಿನ್ನೆಯ ಅಂಕಿ ತೆರೆಯ ಮೇಲೆ ಉಳಿದರೆ, ನೋಡುವವನು ಅದನ್ನು ಇಂದಿನದೆಂದೇ ನಂಬುತ್ತಾನೆ. ಸುದ್ದಿ ಬರದಿರುವುದನ್ನು ಕ್ಷೇಮವೆಂದು ತೋರಿಸುವ ಫಲಕಕ್ಕಿಂತ ಫಲಕವೇ ಇಲ್ಲದಿರುವುದು ಮೇಲು. ಆಗ ಯಾರಾದರೂ ಕಾಲುವೆಯ ದಂಡೆಗೆ ಹೋಗಿಯಾದರೂ ನೋಡಿಯಾರು. ಮೂರನೆಯದಾಗಿ, ಎಚ್ಚರಿಕೆಗಳು ಕಡಿಮೆಯಿರಬೇಕು. ಪ್ರತಿಯೊಂದೂ ಅದನ್ನು ಸರಿಪಡಿಸಬಲ್ಲವನಿಗೇ ತಲುಪಬೇಕು. ಹೆಚ್ಚು ಮಾಹಿತಿ ಇದ್ದಷ್ಟೂ ಒಳ್ಳೆಯದೆಂದು ವಾದಿಸುವವರಿದ್ದಾರೆ. ಸಂಗ್ರಹಿಸುವುದಕ್ಕೆ ಈ ಮಾತು ಸಲ್ಲುತ್ತದೆ. ಕಣ್ಣೆದುರು ಇಡುವುದಕ್ಕೆ ಸಲ್ಲದು.

ಇನ್ನುಳಿದುದು ಫಲಕವು ಯಾರಿಗಾಗಿ ಎಂಬ ಪ್ರಶ್ನೆ. ಕಾಲುವೆಯ ತಲೆಯಲ್ಲಿರುವವನಿಗೆ ನೀರು ಮೊದಲು ಸಿಕ್ಕುತ್ತದೆ. ಅಭಾವವು ತಟ್ಟುವುದು ಬಾಲದಲ್ಲಿರುವ ರೈತನಿಗೆ. ನಾರಾಯಣಪುರದಿಂದ ದೂರದಲ್ಲಿರುವ ಸಿಂದಗಿ, ಇಂಡಿಗಳ ಹೊಲಗಳಿಗೆ ಈ ಮಾತಿನ ಅರ್ಥ ಚೆನ್ನಾಗಿ ಗೊತ್ತು. ತಲೆಯಲ್ಲಿ ಬಿಟ್ಟ ನೀರಿನ ಲೆಕ್ಕವನ್ನಷ್ಟೇ ಮೆರೆಸುವ ಫಲಕವು ಎಷ್ಟು ಸುಂದರವಾಗಿದ್ದರೂ ಅಪೂರ್ಣ. ಬಾಲಕ್ಕೆ ತಲುಪಿದ ನೀರಿನ ಅಂಕಿ ಅದರ ಮೊದಲನೆಯ ಸಾಲಿನಲ್ಲಿರಬೇಕು. ಅದು ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆಯೂ ಕಾಣಬೇಕು ಎಂಬುದು ನಮ್ಮ ಅಭಿಪ್ರಾಯ.

ಆದುದರಿಂದ ವಿದ್ಯಾರ್ಥಿಗಳು ಸಾಧನವನ್ನು ಹುಡುಕುವ ಮುನ್ನ ಒಂದು ಹಾಳೆಯನ್ನು ತೆಗೆದುಕೊಳ್ಳಲಿ. ಇದನ್ನು ನೋಡುವವರು ಯಾರು, ನೋಡಿ ಅವರು ಏನು ಮಾಡಬೇಕು, ಸುದ್ದಿ ನಿಂತರೆ ಅವರಿಗೆ ಹೇಗೆ ತಿಳಿಯುತ್ತದೆ ಎಂದು ಬರೆದುಕೊಳ್ಳಲಿ. ಬಳಿಕ ಕಾಲೇಜಿನ ಹಳೆಯ ಗಣಕಯಂತ್ರವೊಂದರಲ್ಲಿ ಜೆಂಕಿನ್ಸನ್ನು ಸ್ಥಾಪಿಸಿ, ಬೇಕೆಂತಲೇ ಒಂದು ತಪ್ಪನ್ನು ಸೇರಿಸಿ ನೋಡಲಿ. ಆಮೇಲೆ ಜಾಲದ ತಂತಿಯನ್ನೂ ಕಿತ್ತು ನೋಡಲಿ. ಆಗಲೂ ಹಸಿರಾಗಿಯೇ ಉಳಿಯುವ ಫಲಕವನ್ನು ಯಾವ ಸಂಕೋಚವೂ ಇಲ್ಲದೆ ಕೈಬಿಡಬಹುದು.