ತಾತನ ಟೂಲ್‌ಬಾಕ್ಸ್: ಲೇಸರ್ ಗೆರೆ ಯಾಕೆ ಡೊಂಕು?



ನಮ್ಮ ಮನೆಯಲ್ಲಿ ಒಂದು ಹಲಸಿನ ಮಣೆ ಇದೆ. ನನ್ನ ಹೆಂಡತಿಯ ತವರಿನಿಂದ ಬಂದದ್ದು. ಮೂರು ತಲೆಮಾರು ಅದರ ಮೇಲೆ ಕೂತು ಊಟ ಮಾಡಿ ಮರ ಕನ್ನಡಿಯಂತೆ ನುಣುಪಾಗಿದೆ. ಆ ತವರುಮನೆ ಈಗ ಇಲ್ಲ, ಉಳಿದಿರುವುದು ಈ ಮಣೆ ಒಂದೇ. ಆ ಮನೆಯ ಕಲ್ಲುಚಪ್ಪಡಿಯ ಮೇಲೆ ಅಕ್ಕತಂಗಿಯರು ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು ಚೌಕಾಬಾರ ಆಡುತ್ತಿದ್ದರಂತೆ. ನಮ್ಮ ಟೈಲ್ಸ್ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲ. ಶಿವರಾತ್ರಿ ಜಾಗರಣೆಗೆ ತಂಗಿ ಬರುತ್ತಾಳೆಂದು ಗೊತ್ತಾದ ದಿನ ಇವಳು, "ಆ ಮಣೆ ಮೇಲೇ ಚೌಕಾಬಾರ ಕೆತ್ತಿಸಿಕೊಡಿ" ಅಂದಳು.

ನಾನು ವರ್ಕ್‌ಶಾಪ್ ಮೇಷ್ಟ್ರಾಗಿ ನಿವೃತ್ತನಾದವನು. ಉಳಿ, ಕೊಡತಿ ಹಿಡಿದು ಬಲ್ಲೆ. ಆದರೆ ಈಗ ಕೈ ನಡುಗುತ್ತದೆ. ಮಗ ತಂದಿಟ್ಟ ಪುಟ್ಟ ಲೇಸರ್ ಕೆತ್ತನೆಯ ಯಂತ್ರ ಮೂಲೆಯಲ್ಲಿತ್ತು. ಏಳನೇ ಕ್ಲಾಸಿನ ಮೊಮ್ಮಗಳು ಪುಟ್ಟಿ, "ತಾತ, ನಾನಿದ್ದೀನಲ್ಲ" ಅಂದಳು.

ಮಣೆ ಒಂದೇ, ಕೆಟ್ಟರೆ ಇನ್ನೊಂದಿಲ್ಲ. ಹಾಗಾಗಿ ಮೊದಲ ದಿನವೇ ಒಂದು ನಿಯಮ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಹಳೇ ಪ್ಲೈವುಡ್ ತುಂಡಿನ ಮೇಲೆ ಎಲ್ಲ ಸರಿಬರುವ ತನಕ ಮಣೆ ಅಡುಗೆಮನೆ ಬಿಟ್ಟು ಬರಬಾರದು. ಅದು ಹೊರಗೆ ಬರಲು ಹದಿನೈದು ದಿನ ಬೇಕಾಯಿತು! ಆ ಹದಿನೈದು ದಿನ ಏನೇನು ಕೆಟ್ಟಿತು, ಹೇಗೆ ಸರಿಮಾಡಿದೆವು ಎಂಬುದೇ ಈ ವಾರದ ಪಾಠ.

ಮೊದಲು ಎಚ್ಚರಿಕೆ

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಬೆಳಗಿಸಿದರು. ಈಗ ಮನೆಗೆ ಬರುವ ಚಿಕ್ಕ ಯಂತ್ರಗಳಲ್ಲಿ ಹೆಚ್ಚಿನವು ನೀಲಿ ಬೆಳಕಿನವು. ಆ ಬೆಳಕು ಮರವನ್ನು ಸುಡುತ್ತದೆ, ಕಣ್ಣನ್ನೂ ಸುಡುತ್ತದೆ. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕ ಇದಕ್ಕೆ ಸಾಲದು. ಆ ಲೇಸರಿಗೆಂದೇ ಮಾಡಿದ ಕನ್ನಡಕ ಕೋಣೆಯಲ್ಲಿರುವ ಎಲ್ಲರಿಗೂ ಬೇಕು. ಕಿಟಕಿ ತೆರೆದಿರಲಿ, ಬೆಂಕಿ ಆರಿಸುವ ಸಾಧನ ಕೈಗೆಟುಕುವಂತಿರಲಿ. ಯಂತ್ರ ಓಡುತ್ತಿರುವಾಗ ಒಂದು ಕ್ಷಣವೂ ಬಿಟ್ಟು ಹೋಗಬಾರದು. ಪಿವಿಸಿ, ರೆಕ್ಸಿನ್ ಇವುಗಳಿಗೆ ಲೇಸರ್ ತಾಗಿಸಲೇಬಾರದು, ವಿಷದ ಹೊಗೆ ಬರುತ್ತದೆ. ಮಕ್ಕಳೇ, ದೊಡ್ಡವರು ಪಕ್ಕದಲ್ಲಿಲ್ಲದೆ ಸ್ವಿಚ್ ಮುಟ್ಟಬೇಡಿ.

ಇನ್ನೊಂದು ಮಾತು. ಈ ಕೆಲಸದಲ್ಲಿ ಮೂವರಿದ್ದಾರೆ. ಚಿತ್ರ ಬರೆಯುವ ತಂತ್ರಾಂಶ ಒಬ್ಬ. ಆ ಚಿತ್ರವನ್ನು 'ಇಲ್ಲಿಂದ ಇಲ್ಲಿಗೆ ಹೋಗು, ಇಷ್ಟು ಸುಡು' ಎಂಬ ಜಿ-ಕೋಡ್ ಆಜ್ಞೆಗಳಾಗಿ ಬದಲಿಸಿ ಕಳಿಸುವ ತಂತ್ರಾಂಶ ಇನ್ನೊಬ್ಬ. ಆಜ್ಞೆ ಪಾಲಿಸುವ ಯಂತ್ರ ಮೂರನೆಯವ. ನಾವು ಚಿತ್ರಕ್ಕೆ ಇಂಕ್‌ಸ್ಕೇಪ್, ಕಳಿಸಲು ಲೇಸರ್‌ಜಿಆರ್‌ಬಿಎಲ್ ಬಳಸಿದೆವು. ಎರಡೂ ಉಚಿತ. ಏನಾದರೂ ಕೆಟ್ಟರೆ ತಪ್ಪು ಈ ಮೂವರಲ್ಲಿ ಯಾರ ಹತ್ತಿರ ಎಂದು ಮೊದಲು ಕೇಳಿಕೊಳ್ಳಿ.

"ತಾತ, ಕನೆಕ್ಟೇ ಆಗ್ತಿಲ್ಲ!"

ಪರದೆಯ ಮೇಲೆ ಪೋರ್ಟ್ ಆರಿಸುವ ಜಾಗ ಖಾಲಿ. ಪುಟ್ಟಿ ಮುಖ ಚಿಕ್ಕದು ಮಾಡಿಕೊಂಡಳು. ಕಾರಣ ನೋಡಿದರೆ ನಗು ಬರುತ್ತದೆ: ನಾವು ಸಿಕ್ಕಿಸಿದ್ದು ಫೋನ್ ಚಾರ್ಜ್ ಮಾಡುವ ಕೇಬಲ್. ಕೆಲವು ಕೇಬಲ್‌ಗಳಲ್ಲಿ ವಿದ್ಯುತ್ ಮಾತ್ರ ಹರಿಯುತ್ತದೆ, ಮಾಹಿತಿ ಹರಿಯುವುದಿಲ್ಲ. ಯಂತ್ರದ ಜೊತೆ ಬಂದ ಕೇಬಲ್ ಹಾಕಿದರೂ ಪೋರ್ಟ್ ಕಾಣದಿದ್ದರೆ ಡ್ರೈವರ್ ಇಲ್ಲವೆಂದು ಅರ್ಥ. ಇಂಥ ಬಹಳಷ್ಟು ಯಂತ್ರಗಳಲ್ಲಿ ಸಿಎಚ್340 ಎಂಬ ಚಿಪ್ ಇರುತ್ತದೆ, ಅದರ ಡ್ರೈವರ್ ಹಾಕಬೇಕು. ಪೋರ್ಟ್ ಕಂಡೂ ಮಾತು ನಡೆಯದಿದ್ದರೆ ಬಾಡ್ ರೇಟ್ ನೋಡಿ. ಜಿಆರ್‌ಬಿಎಲ್ ಯಂತ್ರಗಳಿಗೆ ಸಾಮಾನ್ಯವಾಗಿ 115200. ಇನ್ನೊಂದು ತಂತ್ರಾಂಶ ತೆರೆದಿದ್ದರೂ ಅದು ಪೋರ್ಟನ್ನು ಹಿಡಿದುಕೊಂಡಿರುತ್ತದೆ, ಮೊದಲು ಮುಚ್ಚಿ.

"ಕನೆಕ್ಟ್ ಆಯ್ತು, ಆದ್ರೆ ಅಲಾರಂ ಅಂತಿದೆ!"

ಪರದೆ ಮೇಲೆ 'ಎರರ್ 9' ಎಂದು ಬಂದರೆ ಗಾಬರಿ ಬೇಡ. ಯಂತ್ರ ಕೆಟ್ಟಿಲ್ಲ, ಬೀಗ ಹಾಕಿಕೊಂಡಿದೆ. ತನ್ನ ತಲೆ ಈಗ ಎಲ್ಲಿದೆ ಎಂದು ಖಾತ್ರಿ ಇಲ್ಲದಾಗ ಅದು ಹೀಗೆ ಮಾಡುತ್ತದೆ. ಕತ್ತಲಲ್ಲಿ ಗೋಡೆ ಹಿಡಿಯದೆ ನಡೆಯಬಾರದೆಂದು ನಾವು ನಿಲ್ಲುವುದಿಲ್ಲವೇ, ಹಾಗೆ. ಹೋಮಿಂಗ್ ಸೌಲಭ್ಯ ಇದ್ದರೆ ಆ ಗುಂಡಿ ಒತ್ತಿ, ತಲೆ ಮೂಲೆಗೆ ಹೋಗಿ ತನ್ನ ಜಾಗ ಕಂಡುಕೊಳ್ಳುತ್ತದೆ. ಇಲ್ಲದಿದ್ದರೆ ತಲೆಗೆ ಏನೂ ಅಡ್ಡ ಇಲ್ಲವೆಂದು ನೋಡಿಕೊಂಡು ಅನ್‌ಲಾಕ್ ಒತ್ತಿ.

"ತಲೆ ಓಡಾಡ್ತಿದೆ, ಗೆರೆ ಮಾತ್ರ ಮಸುಕು!"

ಪೂರ್ತಿ ಶಕ್ತಿ ಕೊಟ್ಟರೂ ಪ್ಲೈವುಡ್ ಮೇಲೆ ಚಹಾ ಕಲೆಯಷ್ಟೇ ಬಣ್ಣ. ಲೇಸರ್ ಹಳತಾಯಿತೇನೋ ಎಂದುಕೊಂಡೆ. ಪುಟ್ಟಿ ಆಜ್ಞೆ ಬರೆಯುವ ಜಾಗದಲ್ಲಿ $$ ಎಂದು ಒತ್ತಿದಳು. ಯಂತ್ರ ತನ್ನೊಳಗಿನ ಸಂಖ್ಯೆಗಳನ್ನೆಲ್ಲ ಒಪ್ಪಿಸಿತು. ಅದರಲ್ಲಿ $30 ಎಂಬ ಸಾಲಿನಲ್ಲಿ 1000 ಇತ್ತು. ಅಂದರೆ ಆ ಯಂತ್ರದ ಲೆಕ್ಕದಲ್ಲಿ ಪೂರ್ತಿ ಶಕ್ತಿ ಎಂದರೆ 1000. ನಾವು ತಂತ್ರಾಂಶದಲ್ಲಿ ತುಂಬಿದ್ದ ಗರಿಷ್ಠ ಸಂಖ್ಯೆ 255! ನಾವು ಪೂರ್ತಿ ಎಂದುಕೊಂಡದ್ದು ಯಂತ್ರಕ್ಕೆ ಕಾಲು ಭಾಗ. ಎರಡೂ ಕಡೆ ಒಂದೇ ಸಂಖ್ಯೆ ಮಾಡಿದೆವು, ಗೆರೆ ಮೂಡಿತು.

ಗೆರೆ ಮಸುಕಷ್ಟೇ ಅಲ್ಲ, ದಪ್ಪವೂ ಆಗಿದ್ದರೆ ಅದು ಫೋಕಸ್ ತಪ್ಪಿದ ಗುರುತು. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟವರಿಗೆ ಇದು ಗೊತ್ತು. ಗಾಜನ್ನು ಸರಿಯಾದ ಎತ್ತರಕ್ಕೆ ಹಿಡಿದಾಗಲೇ ಚುಕ್ಕಿ ಚಿಕ್ಕದಾಗುವುದು.

"ತಾತ, ಬೆಂಕಿ!"

ಬೆಂಕಿ ಹತ್ತಲಿಲ್ಲ, ಆದರೆ ದಟ್ಟ ಹೊಗೆ. ಪುಟ್ಟಿ ತಕ್ಷಣ ನಿಲ್ಲಿಸುವ ಗುಂಡಿ ಒತ್ತಿದಳು. ತಪ್ಪು ನನ್ನದು. ಎಲ್ಲೋ ಓದಿದ್ದ 'ವೇಗ 50' ಎಂಬುದನ್ನು ಹಾಗೇ ತುಂಬಿದ್ದೆ. ಓದಿದ್ದು ಸೆಕೆಂಡಿಗೆ 50 ಮಿ.ಮೀ., ನಾನು ತುಂಬಿದ ಜಾಗ ಕೇಳುತ್ತಿದ್ದದ್ದು ನಿಮಿಷಕ್ಕೆ ಎಷ್ಟು ಎಂದು. 50ನ್ನು 60ರಿಂದ ಗುಣಿಸಿ 3000 ಬರೆಯಬೇಕಿತ್ತು. ಅರವತ್ತು ಪಟ್ಟು ನಿಧಾನವಾಗಿ ಹೋದ ಲೇಸರ್ ಪ್ಲೈವುಡ್ಡನ್ನು ಕಾವಲಿಯ ಮೇಲೆ ಮರೆತ ದೋಸೆಯಂತೆ ಕರಕಲು ಮಾಡಿತ್ತು. ಅವತ್ತು ಮಣೆ ಅಲ್ಲಿದ್ದಿದ್ದರೆ? ಇವಳು ಬಾಗಿಲಲ್ಲಿ ನಿಂತು ನೋಡಿ ಏನೂ ಅನ್ನದೆ ಒಳಗೆ ಹೋದಳು. ಅಂದಿನಿಂದ ಸಂಖ್ಯೆಯ ಮುಂದೆ ಅಳತೆಯ ಹೆಸರನ್ನೂ ಬರೆಯುವುದು ನಮ್ಮ ನೋಟ್‌ಬುಕ್ಕಿನ ಎರಡನೇ ನಿಯಮವಾಯಿತು.

ಸರಿಯಾದ ವೇಗ, ಶಕ್ತಿ ಎಷ್ಟೆಂದು ಯಾರನ್ನೂ ಕೇಳಬೇಕಿಲ್ಲ. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಚುಕುವುದಿಲ್ಲವೇ? ಹಾಗೆ ಚಿಕ್ಕ ಚೌಕಗಳ ಪರೀಕ್ಷೆ ಮಾಡಿ. ಅಡ್ಡಸಾಲಿನಲ್ಲಿ ವೇಗ ನಿಮಿಷಕ್ಕೆ 1000, 2000 ಹೀಗೆ 5000 ಮಿ.ಮೀ. ತನಕ. ಕಂಬಸಾಲಿನಲ್ಲಿ ಶಕ್ತಿ ನೂರಕ್ಕೆ 20, 40 ಹೀಗೆ 100ರ ತನಕ. ಇಪ್ಪತ್ತೈದು ಚೌಕ, ಇಪ್ಪತ್ತೈದು ಬಣ್ಣ. "ತಾತ, ಇದೇ ಚೌಕಾಬಾರ ಆಯ್ತಲ್ಲ!" ಅಂದಳು ಪುಟ್ಟಿ. ಆದರೆ ಪ್ಲೈವುಡ್ಡಿನ ಲೆಕ್ಕ ಹಲಸಿಗೆ ಹೊಂದುವುದಿಲ್ಲ. ಕೊನೆಗೆ ಮಣೆಯ ಅಡಿಭಾಗದಲ್ಲಿ, ಯಾರಿಗೂ ಕಾಣದ ಕಡೆ, ಉಗುರಿನಷ್ಟು ಅಗಲದ ನಾಲ್ಕು ಚೌಕ ಸುಟ್ಟು ನೋಡಿದೆವು. ಅದಕ್ಕೂ ಅಜ್ಜಿಯ ಅಪ್ಪಣೆ ಪಡೆದೇ.

"ಅಕ್ಷರ ಯಾಕೋ ಹೀಗೆ?"

ಚೌಕಾಬಾರದ ಮನೆ ಚೆನ್ನಾಗಿ ಬಂತು. ಕೆಳಗೆ 'ಅಜ್ಜಿಯ ಚೌಕಾಬಾರ' ಎಂದು ಹಾಕಿದಾಗ ಎರಡು ತೊಂದರೆ ಒಟ್ಟಿಗೆ ಹೊರಬಂದವು.

ಮೊದಲನೆಯದು, ಅಕ್ಷರಗಳೆಲ್ಲ ಕನ್ನಡಿಯಲ್ಲಿ ನೋಡಿದಂತೆ ಹಿಂದುಮುಂದು. ಇಷ್ಟು ದಿನ ಗೊತ್ತೇ ಆಗಿರಲಿಲ್ಲ, ಏಕೆಂದರೆ ಚೌಕಾಬಾರದ ಮನೆ ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ! ಆದ್ದರಿಂದ ಪರೀಕ್ಷೆಗೆ ಸೊನ್ನೆಯನ್ನೋ ಚೌಕವನ್ನೋ ಬರೆಯಬೇಡಿ, ಎಡ ಬಲ ಬೇರೆ ಬೇರೆ ಇರುವ ಅಕ್ಷರ ಬರೆಯಿರಿ. ಚಿತ್ರವನ್ನು ಪ್ರತಿ ಸಲ ತಿರುಗಿಸುವುದು ಮದ್ದಲ್ಲ. ಯಂತ್ರದ ತಲೆ ಬಲಕ್ಕೆ ಹೋಗು ಎಂದರೆ ಬಲಕ್ಕೇ ಹೋಗುತ್ತದೆಯೇ ನೋಡಿ. ನಮ್ಮದು ಎಡಕ್ಕೆ ಹೋಗುತ್ತಿತ್ತು. ದಿಕ್ಕು ಹೇಳುವ ಸಂಖ್ಯೆ $3ರಲ್ಲಿದೆ. ಹಳೇ ಸಂಖ್ಯೆ ಬರೆದಿಟ್ಟುಕೊಂಡು ಬದಲಿಸಿದೆವು.

ಎರಡನೆಯದು, 'ಅಜ್ಜಿ' ಒಡೆದು 'ಅಜ್‌ಜಿ' ಆಗಿತ್ತು. ಪುಟ್ಟಿ ಬರೆದ ಕಂಪ್ಯೂಟರಿನಲ್ಲಿದ್ದ ಕನ್ನಡ ಫಾಂಟು, ಒತ್ತಕ್ಷರ ಕೂಡಿಸುವ ಜಾಣ್ಮೆ ಎಲ್ಲ ಕಡೆ ಇರುವುದಿಲ್ಲ. ಅದಕ್ಕೆ ಉಪಾಯ ಸುಲಭ. ಬರೆದು, ಕಾಗುಣಿತ ನೋಡಿ, ಉಳಿಸುವ ಮೊದಲು 'ಆಬ್ಜೆಕ್ಟ್ ಟು ಪಾತ್' ಒತ್ತಿ. ಆಗ ಅಕ್ಷರ ಅಕ್ಷರವಾಗಿ ಉಳಿಯದೆ ಗೆರೆಯ ಚಿತ್ರವಾಗುತ್ತದೆ, ಒತ್ತು ಕಳಚಿಕೊಳ್ಳುವುದಿಲ್ಲ. ಆಮೇಲೆ ತಿದ್ದಲಾಗದು, ಹಾಗಾಗಿ ತಿದ್ದಬಹುದಾದ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ.

ಮೂಲೆ ಕಪ್ಪು, ವೃತ್ತ ಸೊಟ್ಟ

ಮನೆಗಳ ಮೂಲೆಯಲ್ಲಿ ಮಾತ್ರ ಕಪ್ಪು ಚುಕ್ಕಿ ಬರುತ್ತಿತ್ತು. ತಿರುವಿನಲ್ಲಿ ಬಸ್ಸು ನಿಧಾನ ಮಾಡುವಂತೆ ಯಂತ್ರವೂ ನಿಧಾನಿಸುತ್ತದೆ, ಬೆಳಕು ಮಾತ್ರ ಅಷ್ಟೇ ಇದ್ದರೆ ಅಲ್ಲಿ ಹೆಚ್ಚು ಸುಡುತ್ತದೆ. ಎಂ3 ಬದಲು ಎಂ4 ಆರಿಸಿದರೆ ವೇಗ ಇಳಿದಾಗ ಬೆಳಕೂ ಇಳಿಯುತ್ತದೆ. ಅದಕ್ಕೆ ಯಂತ್ರದಲ್ಲಿ $32 ಎಂಬುದು 1 ಇರಬೇಕು.

ವೃತ್ತದ ತುದಿ ಕೂಡದೆ ಹೋದಾಗ ಮಾತ್ರ ಎರಡು ದಿನ ತಂತ್ರಾಂಶವನ್ನೇ ಬೈದೆವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನಿಜವಾಗಿ ನೆಲವೇ ಡೊಂಕಾಗಿತ್ತು! ಯಂತ್ರದ ಬೆಲ್ಟ್ ಸಡಿಲವಾಗಿತ್ತು. ಬಿಗಿ ಮಾಡಿದೆ, ವೃತ್ತ ಕೂಡಿತು. ಕಂಪ್ಯೂಟರ್ ಮುಂದೆ ಕೂತವರು ಆಗಾಗ ಎದ್ದು ಸ್ಕ್ರೂಡ್ರೈವರ್ ಕೂಡ ಹಿಡಿಯಬೇಕು.

ಮಣೆ ಬಂದ ದಿನ

ಹಬ್ಬಕ್ಕೆ ಎರಡು ದಿನ. ಮಣೆ ಬಂತು. ಅದರ ಅಡಿಯಲ್ಲಿ ಎರಡು ಪಟ್ಟಿ ಇರುವುದರಿಂದ ಯಂತ್ರದ ನಾಲ್ಕು ಕಾಲನ್ನೂ ಅಷ್ಟೇ ಎತ್ತರಿಸಿ, ಫೋಕಸ್ ಮಾಡಿದೆವು. ಹಳೇ ಕಂಪ್ಯೂಟರ್ ಅಪ್‌ಡೇಟ್ ಎಂದು ಕೂತಿತ್ತು. "ಅಪ್ಪನ ಲ್ಯಾಪ್‌ಟಾಪ್ ತೊಗೋ, ಎಲ್ಲ ಸರಿ ಇದೆಯಲ್ಲ, ಸ್ಟಾರ್ಟ್ ಒತ್ತು" ಅಂದೆ.

ಪುಟ್ಟಿ ಒತ್ತಲಿಲ್ಲ. "ಕಂಪ್ಯೂಟರ್ ಬದಲಾಗಿದೆ ತಾತ. ಫ್ರೇಮ್ ಮಾಡದೆ ಒತ್ತಬಾರದು ಅಂತ ನೀವೇ ಬರೆಸಿದ್ದೀರಿ."

ಫ್ರೇಮ್ ಎಂದರೆ ಸುಡದೆ ಚಿತ್ರದ ಅಂಚಿನ ಸುತ್ತ ತಲೆಯನ್ನು ಓಡಿಸಿ ನೋಡುವುದು. ಓಡಿಸಿದಳು. ತಲೆ ಮಣೆಯ ಅಂಚು ದಾಟಿ ಗಾಳಿಯಲ್ಲಿ ಹೋಯಿತು! ಮಣೆಯ ಅಗಲ 25 ಸೆಂ.ಮೀ., ನಮ್ಮ ಚಿತ್ರ 20. ಆದರೆ ಆ ಲ್ಯಾಪ್‌ಟಾಪಿನ ತಂತ್ರಾಂಶದಲ್ಲಿ ಅದು 26.7 ಆಗಿತ್ತು. ಚಿತ್ರ ಬರೆದ ತಂತ್ರಾಂಶಕ್ಕೆ ಒಂದು ಇಂಚಿಗೆ 96 ಚುಕ್ಕಿ. ಇಲ್ಲಿ ಲೆಕ್ಕ 72 ಚುಕ್ಕಿಯದು. 96ನ್ನು 72ರಿಂದ ಭಾಗಿಸಿ ನೋಡಿ: ಮೂರರ ಜಾಗದಲ್ಲಿ ನಾಲ್ಕು. ನನ್ನ ಮಾತು ಕೇಳಿ ಒತ್ತಿದ್ದರೆ ತವರಿನ ಮಣೆಯ ಅರ್ಧ ಚೌಕಾಬಾರ ಮರದ ಮೇಲೆ, ಉಳಿದದ್ದು ಮೇಜಿನ ಮೇಲೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ತಾತಂದಿರಿಗೂ ಅನ್ವಯಿಸುತ್ತದೆ.

ಸರಿಮಾಡಿ, ಮತ್ತೆ ಫ್ರೇಮ್ ಮಾಡಿ, ಕನ್ನಡಕ ಹಾಕಿಕೊಂಡು ಪುಟ್ಟಿಯೇ ಒತ್ತಿದಳು. ಇಪ್ಪತ್ತೈದು ಮನೆ, ಐದು ಕಟ್ಟೆ, ಒಡೆಯದ 'ಅಜ್ಜಿ'. ಶಿವರಾತ್ರಿಯ ರಾತ್ರಿ ಎರಡು ಗಂಟೆಗೂ ಕವಡೆ ಸದ್ದು ಕೇಳುತ್ತಿತ್ತು. ತಂಗಿ ನಾಲ್ಕು ಕವಡೆಯನ್ನೂ ಬೋರಲು ಹಾಕಿ ಎಂಟು ತೆಗೆದಾಗ ಅಕ್ಕ, "ಮೋಸ!" ಎಂದು ಕೂಗಿದ್ದು ನೆರೆಮನೆಗೂ ಕೇಳಿತಂತೆ.

ನೆನಪಿಡಿ ಮಕ್ಕಳೇ: ಕೆಟ್ಟಾಗ ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ. ಬದಲಿಸುವ ಮೊದಲು ಹಳೆಯದನ್ನು ಬರೆದಿಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ತಾತ-ಅಜ್ಜಿಯರೇ, ಮೊಮ್ಮಕ್ಕಳು "ಬೇಡ, ಮೊದಲು ನೋಡೋಣ" ಎಂದಾಗ ತಡೆಯಬೇಡಿ.

ಈ ವಾರದ ಲೆಕ್ಕ: (1) ವೇಗ ಸೆಕೆಂಡಿಗೆ 80 ಮಿ.ಮೀ. ಇದ್ದರೆ ನಿಮಿಷದ ಲೆಕ್ಕದಲ್ಲಿ ಎಷ್ಟು ಬರೆಯಬೇಕು? (2) 12 ಸೆಂ.ಮೀ. ಚೌಕ 16 ಸೆಂ.ಮೀ. ಆಗಿ ಬಂತು. ತಪ್ಪು ಎಲ್ಲಿದೆ? ಉತ್ತರ ಮುಂದಿನ ವಾರ. ಅಲ್ಲಿಯ ತನಕ ಇಣುಕಿ ನೋಡುವಂತಿಲ್ಲ!

— ನಿಮ್ಮ ಟೂಲ್‌ಬಾಕ್ಸ್ ತಾತ